ಸೀಬೆ ಮರದಿಂದ ಬಿದ್ದವನು

ಚಿ. ಭಾನುಪ್ರಿಯಳಿಗೆ ಮಾಗಡಿ ತಾಲ್ಲೂಕು ಕಲ್ಯದಿಂದ ವೃಷಭೇಂದ್ರಪ್ಪನ ಆಶೀರ್ವಾದಗಳು.

ನವೆಂಬರ್ ತಿಂಗಳ ಮಾಸಪತ್ರಿಕೆಯಲ್ಲಿ ಅಚ್ಚಾಗಿರುವ ನಿನ್ನ ‘ಭಯದ ಪಾಠ’ ಎಂಬ ಲೇಖನವನ್ನು ಎರಡು ಸಲ ಓದಿದೆ. ಹಳ್ಳಿಯ ಶಾಲೆಯೊಂದರ ಮುಖ್ಯೋಪಾಧ್ಯಾಯರು ಹೊಡೆಯುವ ಮುನ್ನ ಮೇಜಿನ ಮೇಲೆ ಮೂರು ಬಾರಿ ತಟ್ಟುತ್ತಿದ್ದರೆಂದು ಬರೆದಿರುವೆ. ಅದು ತಪ್ಪು. ತಟ್ಟುತ್ತಿದ್ದುದು ಎರಡು ಬಾರಿ. ಮೊದಲನೆಯದು ತರಗತಿ ನಿಶ್ಶಬ್ದವಾಗಲು. ಎರಡನೆಯದು ತಪ್ಪು ಮಾಡಿದವರು ತಾವಾಗಿ ಎದ್ದು ಬಂದು ಎಡಗೈ ಚಾಚಲು. ಬಲಗೈ ಬರೆಯುವುದಕ್ಕೆ ಬೇಕಾದ್ದರಿಂದ ಅದನ್ನು ನಾನು ಎಂದೂ ಮುಟ್ಟಲಿಲ್ಲ. ಮೂರನೆಯ ಸದ್ದಿಗೆ ಅಲ್ಲಿ ಕೆಲಸವೇ ಇರಲಿಲ್ಲ.

ಬೆತ್ತವೆಂದು ಬರೆದಿರುವುದೂ ತಪ್ಪು. ನಾನು ಬಳಸುತ್ತಿದ್ದುದು ದುಂಡನೆಯ ರೂಲುದೊಣ್ಣೆ.

ಮೂರನೆಯ ತಪ್ಪು ಇವೆರಡಕ್ಕಿಂತ ದೊಡ್ಡದು. ಆ ಮುಖ್ಯೋಪಾಧ್ಯಾಯರು ಏಳನೆಯ ತರಗತಿಯಲ್ಲಿದ್ದ ಸ್ವಂತ ಮಗನ ಕಿರುಬೆರಳನ್ನು ಮುರಿದರೆಂದು ಬರೆದಿರುವೆ. ನನ್ನ ಹೆಸರು ಹಾಕಿಲ್ಲ, ನೀಲಕಂಠನ ಹೆಸರೂ ಹಾಕಿಲ್ಲ. ಆದರೆ ಮಾಗಡಿಯಲ್ಲಿ ಪತ್ರಿಕೆ ಓದುವ ಹದಿನಾಲ್ಕು ಮಂದಿಯಲ್ಲಿ ಹದಿಮೂವರು ನನ್ನನ್ನು ನೋಡಿ ಮಾತು ನಿಲ್ಲಿಸುತ್ತಿದ್ದಾರೆ. ನೀಲಕಂಠನು 1996ರ ನವೆಂಬರ್ 21ರಂದು ಶಾಲೆಯ ಅಂಗಳದ ಸೀಬೆ ಮರದಿಂದ ಬಿದ್ದು ಬೆರಳು ಮುರಿದುಕೊಂಡನು. ನಾನು ಮುಖ್ಯೋಪಾಧ್ಯಾಯನಾಗಿದ್ದ ಆ ಕೂಟಗಲ್ ಶಾಲೆಯ ಘಟನಾ ಪುಸ್ತಕದಲ್ಲಿ ಅದು ನನ್ನ ಕೈಬರಹದಲ್ಲಿದೆ.

ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿಯಿಲ್ಲವಾದ್ದರಿಂದ ಪತ್ರ ಬರೆದಿದ್ದೇನೆ. ನೀನೂ ಪತ್ರವನ್ನೇ ಬರೆ.

ವೃಷಭೇಂದ್ರಪ್ಪ
12–12–2023, ಬೆಳಿಗ್ಗೆ 10 ಗಂಟೆ 40 ನಿಮಿಷ


ಪುಣೆ
20–12–2023

ಪೂಜ್ಯ ಮೇಷ್ಟ್ರಿಗೆ ಭಾನುಪ್ರಿಯಳ ನಮಸ್ಕಾರಗಳು.

ತಾವು ನನ್ನ ಲೇಖನವನ್ನು ಓದುವಿರೆಂದು ನಾನು ಎಣಿಸಿರಲಿಲ್ಲ. ತಟ್ಟುತ್ತಿದ್ದುದು ಎರಡೇ ಬಾರಿ ಎಂಬುದು ನಿಜವಿರಬೇಕು. ನೀಲಕಂಠನೂ ಹಾಗೆಯೇ ಹೇಳಿದ. ಲೇಖನ ಬಂದ ವಾರವೇ ಅವನು ಫೋನು ಮಾಡಿದ್ದ. “ಭಾನು, ಓದ್ದೆ ಕಣೆ. ಮೂರಲ್ಲ, ಎಲ್ಡೇ ಸಲ. ಇರ‍್ಲಿ ಬುಡು, ಯಾರೋ ಒಬ್ರು ಬರದ್ರಲ್ಲ. ಎಲ್ರೂ ಹೇಳೀ ಹೇಳೀ, ನಾನೇ ಮರದಿಂದ ಬಿದ್ದಿದ್ನೇನೋ ಅಂತ ನಂಗೇ ಅನ್ನುಸ್ಬುಟ್ಟಿತ್ತು” ಎಂದ.

ನನ್ನ ಕೆಲಸವೇನೆಂದು ತಮಗೆ ಯಾರೂ ಸರಿಯಾಗಿ ಹೇಳಿರಲಾರರು. ಹದಿನಾಲ್ಕು ವರ್ಷಗಳಿಂದ ಇಲಿಗಳಿಗೆ ಭಯವನ್ನು ಕಲಿಸಿ, ಅದು ಮಿದುಳಿನ ಯಾವ ಮೂಲೆಯಲ್ಲಿ ಉಳಿಯುತ್ತದೆಂದು ನೋಡುತ್ತಿದ್ದೇನೆ. ಮೊದಲು ಒಂದು ಸದ್ದು. ಅದರ ಕೊನೆಗೆ ಪಾದಕ್ಕೆ ಸಣ್ಣದೊಂದು ವಿದ್ಯುತ್ ಆಘಾತ. ಮೂರೇ ಸಲ ಹೀಗಾದರೆ ಸಾಕು, ನಾಲ್ಕನೆಯ ಸಲ ಬರಿಯ ಸದ್ದಿಗೇ ಇಲಿ ಮರಗಟ್ಟಿ ನಿಲ್ಲುತ್ತದೆ. ಬಳಿಕ ಆಘಾತವಿಲ್ಲದೆ ಸದ್ದನ್ನು ಮಾತ್ರ ದಿನವೂ ಕೇಳಿಸುತ್ತ ಬಂದರೆ ಇಲಿ ನಿಧಾನವಾಗಿ ಮೈ ಸಡಿಲಿಸುತ್ತದೆ, ಮೀಸೆ ಆಡಿಸುತ್ತದೆ, ಕಾಳು ತಿನ್ನುತ್ತದೆ. ಭಯ ಅಳಿಯಿತೆಂದು ಮೊದಲಿನವರು ತಿಳಿದಿದ್ದರು. ಅಳಿದಿರುವುದಿಲ್ಲ, ಅಡಗಿರುತ್ತದೆ. ಮುಂದೆಂದೋ ಒಂದೇ ಒಂದು ಆಘಾತ ಕೊಟ್ಟರೆ ಎಲ್ಲವೂ ಮೊದಲಿನಂತೆ ಮರಳುತ್ತದೆ.

ಈಗ ಇಲಿಗಳನ್ನು ಬಿಟ್ಟು ನಮ್ಮ ಕಡೆಯ ಮಕ್ಕಳಿಗಾಗಿ ದುಡಿಯಬೇಕೆಂಬ ಸೇವೆಯ ಹಂಬಲ ಹುಟ್ಟಿದೆ. ರಾಮನಗರದ ಶಿಕ್ಷಣ ಟ್ರಸ್ಟ್ ಒಂದು ನಾಲ್ಕು ತಾಲ್ಲೂಕುಗಳ ಅರವತ್ತು ಶಾಲೆಗಳನ್ನು ನೋಡಿಕೊಳ್ಳುತ್ತದೆ. ಶಿಕ್ಷಕರ ತರಬೇತಿಗೆ ಮುಖ್ಯಸ್ಥರೊಬ್ಬರನ್ನು ಅದು ಹುಡುಕುತ್ತಿದೆ. ಅರ್ಜಿದಾರರಿಗೆ ಪಾಠ ಹೇಳಿದ ಈ ಜಿಲ್ಲೆಯ ಹಿರಿಯ ಶಿಕ್ಷಕರೊಬ್ಬರ ಶಿಫಾರಸು ಪತ್ರ ಬೇಕಂತೆ. ತಾವು ಬರೆದುಕೊಡುವಿರೆಂದು ನಂಬಿದ್ದೇನೆ.

ತಮ್ಮ ವಿದ್ಯಾರ್ಥಿನಿ,
ಭಾನುಪ್ರಿಯ


ಚಿ. ಭಾನುಪ್ರಿಯಳಿಗೆ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ನಾನು ಎತ್ತಿ ತೋರಿಸಿದ ಮೂರು ತಪ್ಪುಗಳಲ್ಲಿ ಒಂದನ್ನು ಒಪ್ಪಿರುವೆ, ಉಳಿದೆರಡರ ಮಾತೇ ಎತ್ತಿಲ್ಲ. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗುವ ಅಭ್ಯಾಸ ನಿನಗೆ ಏಳನೆಯ ತರಗತಿಯಲ್ಲೂ ಇತ್ತು.

ಟ್ರಸ್ಟಿನ ಕಾರ್ಯದರ್ಶಿ ತಾಜ್ ಪಾಷಾ ನಿನ್ನೆ ಮನೆಗೆ ಬಂದಿದ್ದರು. ಅವರ ಮಾತನ್ನು ಇದ್ದಂತೆಯೇ ಬರೆಯುತ್ತೇನೆ. “ನಿಮ್ ಕೈಲಿ ಓದಿರೋ ಹುಡ್ಗಿ ಅಂತೆ ಮೇಷ್ಟ್ರೆ. ನೀವು ಎರಡು ಸಾಲು ಗೀಚ್ಕೊಟ್ರೆ ಆಯ್ತು.” ನಾನು ಗೀಚುವುದಿಲ್ಲ, ಬರೆಯುತ್ತೇನೆ ಎಂದೆ. “ಅದ್ನೇ ಸಾರ್ ನಾನೂ ಹೇಳಿದ್ದು. ಎಂಟು ಜನ ಅರ್ಜಿ ಹಾಕವ್ರೆ. ನಮ್ ಕಮಿಟಿಯೋರೆಲ್ಲ ಓದಿರೋದು ನಿಮ್ ಶಾಲೇಲೇ. ನೀವು ಬರದ್ರೆ ಆ ಯಮ್ಮ, ಬರೀದಿದ್ರೆ ಬೇರೆಯೋರು. ಫೆಬ್ರವರಿ ಕೊನೆ ಒಳಗೆ ಬೇಕು ಅಷ್ಟೇ.” ಕಾಫಿ ಕುಡಿದು ಹೋದರು.

ಆದ್ದರಿಂದ ವಿಷಯ ಸರಳವಾಗಿದೆ. ನಿನ್ನ ತಿದ್ದುಪಡಿ ಅದೇ ಪತ್ರಿಕೆಯಲ್ಲಿ ನಿನ್ನ ಹೆಸರಿನಲ್ಲಿ ಅಚ್ಚಾಗಲಿ. ಮೂರೂ ತಪ್ಪುಗಳು ಸರಿಯಾಗಲಿ. ಅದನ್ನು ಕಂಡ ದಿನವೇ ಶಿಫಾರಸು ಬರೆಯುತ್ತೇನೆ. ಒಂದು ತಪ್ಪು ಉಳಿದರೂ ಬರೆಯುವುದಿಲ್ಲ.

ನಿನ್ನ ಲೇಖನದಿಂದ ಆಗಿರುವ ಹಾನಿಯನ್ನೂ ತಿಳಿಸಬೇಕು. ನೀಲಕಂಠ ಮಾಗಡಿಯ ಪ್ರಾಥಮಿಕ ಶಾಲೆಯಲ್ಲಿ ಐದನೆಯ ತರಗತಿಗೆ ಪಾಠ ಹೇಳುತ್ತಾನೆ. ಹದಿನೈದು ವರ್ಷ ಅವನ ತರಗತಿಯಲ್ಲಿ ಪಿಸುಮಾತು ಇರಲಿಲ್ಲ. ನಾನು ಕೊಟ್ಟಿದ್ದ ರೂಲುದೊಣ್ಣೆಯನ್ನೇ ಅವನು ಬಳಸುತ್ತಿದ್ದ. ಲೇಖನ ಓದಿದ ಮರುದಿನ ಅದನ್ನು ಬಚ್ಚಲ ಒಲೆಗೆ ಹಾಕಿದ. ಈಗ ಅವನ ಕೊಠಡಿ ಸಂತೆಯಾಗಿದೆಯೆಂದು ಶಾಲೆಯವರು ದೂರುತ್ತಿದ್ದಾರೆ. ಮನೆಯಲ್ಲೂ ಉದ್ಧಟತನ ಕಾಣುತ್ತಿದೆ. ನಾನು ಉಂಡು ಎದ್ದ ಮೇಲೆ ಉಣ್ಣುತ್ತಿದ್ದವನು ಈಗ ನನ್ನ ಎದುರಿಗೇ ತಟ್ಟೆ ಇಟ್ಟುಕೊಂಡು ಕೂರುತ್ತಾನೆ. ಮೊನ್ನೆ “ಒಸಿ ಉಪ್ಪು ಹಾಕ್ಕಳಿ ಅಪ್ಪಾಜಿ, ಸಾರು ಸಪ್ಪೆ ಐತೆ” ಎಂದು ನನಗೇ ಹೇಳಿದ. ಇವನ ತಾಯಿ ಗಿರಿಜಾಂಬ ಅಷ್ಟಕ್ಕೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಪ್ಪೆ ಸಾರಿಗೆ ಅಳುವುದೇನಿದೆಯೋ ನನಗೆ ತಿಳಿಯಲಿಲ್ಲ.

ವೃಷಭೇಂದ್ರಪ್ಪ
2–1–2024, ಸಂಜೆ 4 ಗಂಟೆ 15 ನಿಮಿಷ


ಪುಣೆ
14–1–2024

ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು.

ಎರಡು ಬಾರಿ ತಟ್ಟಿದ್ದೆಂದು ಬರೆಯುತ್ತೇನೆ. ರೂಲುದೊಣ್ಣೆ ಎಂದೂ ಬರೆಯುತ್ತೇನೆ. ಮೂರನೆಯದನ್ನು ನನ್ನಿಂದ ಕೇಳಬೇಡಿ.

ಆ ಸೀಬೆಯನ್ನು ನೆಟ್ಟವರು ನಾವೇ. ಅದೇ ವರ್ಷದ ಆಗಸ್ಟ್ ಹದಿನೈದರಂದು, ಧ್ವಜ ಏರಿಸಿದ ಮೇಲೆ, ತಾವೇ ಗುಣಿ ತೆಗೆಸಿದಿರಿ. ನೀರು ಹಾಕುವ ಸರದಿ ಮಂಗಳವಾರ ನನ್ನದು, ಬುಧವಾರ ನೀಲಕಂಠನದು. ನವೆಂಬರಿನಲ್ಲಿ ಅದು ನನ್ನ ಸೊಂಟದೆತ್ತರವಿತ್ತು. ಮೇಕೆ ತಿಂದೀತೆಂದು ಸುತ್ತ ಮುಳ್ಳು ಕಟ್ಟಿದ್ದೆವು. ಅದರಿಂದ ಯಾರೂ ಬೀಳುವಂತಿರಲಿಲ್ಲ.

ಲೇಖನದಲ್ಲಿ ನಾನು ಬಚ್ಚಿಟ್ಟ ಮಾತೊಂದಿದೆ. ಅದನ್ನು ಈಗ ತಮಗೆ ಹೇಳುತ್ತೇನೆ. ಗೋಡೆಯ ಮೇಲಿನ ಭೂಪಟವನ್ನು ಅಂದು ಹರಿದವಳು ನಾನು. ಬೆಂಚಿನ ಮೇಲೆ ಹತ್ತಿ, ಕಾವೇರಿಯ ಮೇಲೆ ಬೆರಳಾಡಿಸುತ್ತ ಹೋಗಿ, ಕಾಲು ಜಾರಿ ಪಟವನ್ನೇ ಹಿಡಿದುಕೊಂಡೆ. ತಾವು ಬಂದಿರಿ. ಒಂದು ಸಲ ತಟ್ಟಿದಿರಿ. ಎರಡನೆಯ ಸಲ ತಟ್ಟಿದಿರಿ. ನನ್ನ ಕಾಲು ಏಳಲಿಲ್ಲ. ನನ್ನ ಪಕ್ಕದ ಸಾಲಿನಿಂದ ನೀಲಕಂಠ ಎದ್ದು ಹೋಗಿ ಎಡಗೈ ಚಾಚಿದ. ಏಳನೆಯ ಪೆಟ್ಟಿಗೆ ಕಡ್ಡಿ ಮುರಿದಂಥ ಸದ್ದಾಯಿತು. ನಾನು ಬೆಂಚಿಗೆ ಅಂಟಿಕೊಂಡು ಕೂತೇ ಇದ್ದೆ.

ಇಲಿ ಮರಗಟ್ಟುವುದನ್ನು ಮೊದಲ ಸಲ ಪ್ರಯೋಗಾಲಯದಲ್ಲಿ ಕಂಡಾಗ ನನಗೆ ವಿವರಣೆ ಬೇಕಾಗಲಿಲ್ಲ. ಹದಿನಾಲ್ಕು ವರ್ಷ ನಾನು ಅಳೆದದ್ದು ನನ್ನ ಆ ಒಂದು ನಿಮಿಷವನ್ನೇ.

ನೀಲಕಂಠ ಈಗ ತಮ್ಮೆದುರಿಗೆ ಕೂತು ಉಣ್ಣುತ್ತಿದ್ದಾನೆಂದರೆ ಅದು ಉದ್ಧಟತನವಲ್ಲ. ಅವನ ಮೈ ಸಡಿಲವಾಗುತ್ತಿದೆ. ದಯವಿಟ್ಟು ಅದನ್ನು ಹಾಗೆಯೇ ಬಿಡಿ.

ಭಾನುಪ್ರಿಯ


ಚಿ. ಭಾನುಪ್ರಿಯಳಿಗೆ,

ಭೂಪಟ ಹರಿದವಳು ನೀನೆಂದು ನನಗೆ ಅಂದೇ ಗೊತ್ತಿತ್ತು. ಬೆಂಚಿನ ಮೇಲೆ ನಿನ್ನ ಕಾಲಿನ ಹಸಿ ಮಣ್ಣಿತ್ತು. ನೀಲಕಂಠನ ಪಾದ ನಿನ್ನದಕ್ಕಿಂತ ದೊಡ್ಡದು.

ನಿನ್ನನ್ನು ಹೊಡೆದಿದ್ದರೆ ನಿನ್ನ ತಂದೆ ಹನುಮಂತಯ್ಯ ಕುಡುಗೋಲು ಹಿಡಿದು ಶಾಲೆಯ ಬಾಗಿಲಿಗೆ ಬರುತ್ತಿದ್ದ. ಮಗನನ್ನು ಹೊಡೆದರೆ ಯಾರೂ ಬರುವುದಿಲ್ಲ. ತಪ್ಪಿಗೆ ಶಿಕ್ಷೆಯಾಗಬೇಕಿತ್ತು, ಆಯಿತು. ಕೈ ಯಾರದೆಂಬುದು ತರಗತಿಯ ಶಿಸ್ತಿಗೆ ಮುಖ್ಯವಲ್ಲ. ಅಂದು ನೀನು ಒಂದು ಮಾತು ಆಡಿದ್ದರೆ ಏಳನೆಯ ಪೆಟ್ಟು ಬೀಳುತ್ತಿರಲಿಲ್ಲ. ಎರಡನೆಯದೂ ಬೀಳುತ್ತಿರಲಿಲ್ಲ. ಇದನ್ನು ನೀನು ಇಲಿಗಳನ್ನು ಕೇಳಿ ತಿಳಿಯಬೇಕಾಗಿಲ್ಲ.

ಸೀಬೆಯ ಎತ್ತರ ಘಟನಾ ಪುಸ್ತಕದಲ್ಲಿ ದಾಖಲಾಗಿಲ್ಲ. ದಾಖಲಾಗದ್ದರ ಮೇಲೆ ವಾದ ನಿಲ್ಲುವುದಿಲ್ಲ.

ನಿನ್ನ ಡಿಸೆಂಬರಿನ ಪತ್ರದಲ್ಲಿ ‘ಸೇವೆಯ ಹಂಬಲ’ ಎಂಬ ಪ್ರಯೋಗವಿತ್ತು. ಕಳೆದ ಶನಿವಾರ ಮಾಗಡಿ ಬಸ್ ನಿಲ್ದಾಣದಲ್ಲಿ ಹನುಮಂತಯ್ಯ ಸಿಕ್ಕಿದ್ದ. “ಏಪ್ರಿಲ್ ಬಂದ್ರೆ ಅವ್ಳಿಗೆ ಕೆಲ್ಸ ಇಲ್ಲ ಕಣ್ ಮೇಷ್ಟ್ರೆ. ನಲವತ್ತಾಯ್ತಲ್ಲ, ಕಾಲೇಜ್ನೋರೂ ತಗಳಕಿಲ್ವಂತೆ. ಇಲಿ ಹಿಡ್ಕಂಡು ಹದ್ನಾಕ್ ವರ್ಸ ಕಳುದ್ಬುಟ್ಲು. ನಮ್ಮನೆ ಬೆಕ್ಕು ಅದಕ್ಕಿಂತ ಜಾಸ್ತಿ ಹಿಡದದೆ” ಎಂದು ನಕ್ಕ. ನಕ್ಕ ಮೇಲೆ ಅವನ ಮುಖ ನೋಡುವಂತಿರಲಿಲ್ಲ. ಆದ್ದರಿಂದ ಹಂಬಲ ಎಂಬ ಪದದ ಜಾಗದಲ್ಲಿ ‘ಗತಿ’ ಎಂಬ ಪದವೇ ಉಚಿತ. ನನ್ನೊಂದಿಗೆ ಪದಗಳನ್ನು ಸರಿಯಾಗಿ ಬಳಸು.

ಇನ್ನು ಇಪ್ಪತ್ತಾರು ದಿನಗಳಿವೆ.

ವೃಷಭೇಂದ್ರಪ್ಪ
3–2–2024, ಬೆಳಿಗ್ಗೆ 7 ಗಂಟೆ 5 ನಿಮಿಷ


ಪುಣೆ
24–2–2024

ಮೇಷ್ಟ್ರಿಗೆ ನಮಸ್ಕಾರಗಳು.

ಮಾರ್ಚ್ ಸಂಚಿಕೆ ಹೊರಬಂದಿದೆ. ಐವತ್ತೆಂಟನೆಯ ಪುಟವನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ತಿದ್ದುಪಡಿ ಹೀಗಿದೆ:

“ನವೆಂಬರ್ ಸಂಚಿಕೆಯ ನನ್ನ ಲೇಖನದಲ್ಲಿ ಮೂರು ತಪ್ಪುಗಳು ನುಸುಳಿದ್ದವು. ಮೇಜಿನ ಮೇಲೆ ತಟ್ಟುತ್ತಿದ್ದುದು ಎರಡು ಬಾರಿ. ಬಳಸುತ್ತಿದ್ದುದು ಬೆತ್ತವಲ್ಲ, ರೂಲುದೊಣ್ಣೆ. ವಿದ್ಯಾರ್ಥಿಯ ಬೆರಳು ಮುರಿದದ್ದು ಮರದಿಂದ ಬಿದ್ದುದರಿಂದ. ನೆನಪು ನಂಬಿಕೆಗೆ ಅರ್ಹವಾದ ಸಾಕ್ಷಿಯಲ್ಲವೆಂಬುದಕ್ಕೆ ನನ್ನದೇ ಉದಾಹರಣೆ. ಓದುಗರು ಕ್ಷಮಿಸಬೇಕು.”

ಪತ್ರಿಕೆ ಬಂದ ದಿನ ನೀಲಕಂಠ ನಾಲ್ಕು ಸಲ ಫೋನು ಮಾಡಿದ್ದ. ನಾನು ಕೆಲಸದಲ್ಲಿದ್ದೆ.

ಶಿಫಾರಸು ಪತ್ರವನ್ನು ನೇರವಾಗಿ ಟ್ರಸ್ಟಿಗೆ ಕಳುಹಿಸಿದರೆ ಸಾಕು.

ಭಾನುಪ್ರಿಯ


ಚಿ. ಭಾನುಪ್ರಿಯಳಿಗೆ ಆಶೀರ್ವಾದಗಳು.

ಪುಟ ತಲುಪಿತು. ‘ಮರ’ ಎಂದಷ್ಟೇ ಬರೆದು ‘ಸೀಬೆ’ ಬಿಟ್ಟಿರುವೆ. ಇರಲಿ, ಅಷ್ಟಕ್ಕೆ ಅಂಕ ಕಳೆಯುವುದಿಲ್ಲ. ‘ನುಸುಳಿದ್ದವು’ ಎಂಬ ಕ್ರಿಯಾಪದ ಚೆನ್ನಾಗಿದೆ. ತಪ್ಪು ಮಾಡಿದವರನ್ನು ಹೊರಗಿಟ್ಟು ತಪ್ಪನ್ನು ಒಪ್ಪುವ ಪದ ಅದು.

ಶಿಫಾರಸನ್ನು ಇಂದೇ ತಾಜ್ ಪಾಷಾ ಅವರ ಕೈಗೆ ಕೊಟ್ಟೆ. ಅದರ ಕೊನೆಯ ಸಾಲುಗಳು ನಿನ್ನ ತಿಳಿವಳಿಕೆಗೆ: “ಈಕೆ ಭಯದ ಸ್ವರೂಪವನ್ನು ಹದಿನಾಲ್ಕು ವರ್ಷ ಅಭ್ಯಾಸ ಮಾಡಿದವಳು. ಸೂಚನೆ ಸ್ಪಷ್ಟವಾಗಿದ್ದರೆ ಯಾರು ಹೇಗೆ ನಡೆದುಕೊಳ್ಳುತ್ತಾರೆಂಬುದನ್ನು ಬಲ್ಲವಳು. ತನಗೆ ಸೂಚನೆ ದೊರೆತಾಗಲೂ ತಕ್ಕಂತೆ ನಡೆದುಕೊಳ್ಳುವಳು. ಇಂಥವಳಿಂದ ತಮ್ಮ ಅರವತ್ತು ಶಾಲೆಗಳಿಗೆ ಶಿಸ್ತಿನ ವೈಜ್ಞಾನಿಕ ತಳಹದಿ ದೊರೆಯುವುದೆಂದು ನನ್ನ ದೃಢವಾದ ನಂಬಿಕೆ.”

ತಾಜ್ ಪಾಷಾ ಓದಿಕೊಂಡು, “ಇಂಗಿದ್ರೆ ಇಂಟರ್ವ್ಯೂನೇ ಬೇಡ ಬುಡಿ ಸಾರ್” ಎಂದರು.

ನೀಲಕಂಠ ಪತ್ರಿಕೆಯನ್ನು ಓದಿದ. ಎಡಗೈಯನ್ನು ಸ್ವಲ್ಪ ಹೊತ್ತು ನೋಡಿಕೊಂಡು ಅಂಗಳಕ್ಕೆ ಹೋದ.

ವೃಷಭೇಂದ್ರಪ್ಪ
28–2–2024, ಮಧ್ಯಾಹ್ನ 12 ಗಂಟೆ 30 ನಿಮಿಷ


ಪೂಜ್ಯ ಮೇಷ್ಟ್ರಿಗೆ ರಾಮನಗರದಿಂದ ನಮಸ್ಕಾರಗಳು.

ಏಪ್ರಿಲ್ ಹದಿನೈದರಂದು ಕೆಲಸಕ್ಕೆ ಸೇರಿಕೊಂಡೆ. ಆಮೇಲೆ ಪತ್ರ ಬರೆಯಲು ಬಿಡುವಾಗಲಿಲ್ಲ. ಕಚೇರಿ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿದೆ. ಬೆಳಿಗ್ಗೆ ಗೂಡಿನ ವಾಸನೆ ಒಳಗೆ ಬರುತ್ತದೆಂದು ಇಲ್ಲಿನವರು ಕಿಟಕಿ ಮುಚ್ಚುತ್ತಾರೆ. ಅದರೊಳಗೆ ಬೆಳೆದವಳು ನಾನು, ನನಗದು ತೊಂದರೆಯಲ್ಲ.

ಪುಣೆಯಲ್ಲಿ ಕೊನೆಯ ವಾರ ಇಪ್ಪತ್ನಾಲ್ಕು ಇಲಿಗಳು ಉಳಿದಿದ್ದವು. ಯೋಜನೆ ಮುಗಿದರೆ ಅವುಗಳನ್ನು ಸಾಕುವಂತಿಲ್ಲ. ಅವುಗಳಲ್ಲಿ ಹನ್ನೆರಡಕ್ಕೆ ಭಯ ಬಿಟ್ಟಿತ್ತು. ಆ ಹನ್ನೆರಡು ನಾನು ಕೈ ಚಾಚಿದಾಗ ತಾವಾಗಿಯೇ ಹತ್ತಿರ ಬಂದವು. ಎಲ್ಲವನ್ನೂ ನಾನೇ ಮುಗಿಸಿದೆ. ನಮೂನೆಯಲ್ಲಿ ಕಾರಣವೆಂಬ ಅಂಕಣವಿತ್ತು. ‘ಅವಧಿ ಮುಕ್ತಾಯ’ ಎಂದು ಬರೆದೆ.

ತರಬೇತಿಯ ಮೊದಲ ತಂಡ ಆಗಸ್ಟಿನಲ್ಲಿ ಕೂಡುತ್ತದೆ. ಮೂವತ್ತು ಮಂದಿ ಶಿಕ್ಷಕರ ಪಟ್ಟಿಯಲ್ಲಿ ನೀಲಕಂಠನ ಹೆಸರನ್ನು ನಾನೇ ಸೇರಿಸಿದ್ದೇನೆ. ಈಗ ನಾನು ಫೋನು ಮಾಡಿದರೆ ಅವನು ಎತ್ತುತ್ತಿಲ್ಲ. ಅವನ ಶಾಲೆಯೂ ನಮ್ಮ ಅರವತ್ತರಲ್ಲಿ ಒಂದಾದ್ದರಿಂದ ಬಂದೇ ಬರಬೇಕಾಗುತ್ತದೆ. ಬಂದಾಗ ಅವನೊಡನೆ ಕೂತು ಎಲ್ಲವನ್ನೂ ಸರಿಮಾಡಿಕೊಳ್ಳುತ್ತೇನೆ. ಅವನು ಹೇಗಿದ್ದಾನೆಂದು ಒಂದು ಸಾಲು ಬರೆಯಿರಿ.

ಭಾನುಪ್ರಿಯ
10–6–2024, ಸಂಜೆ 5 ಗಂಟೆ 50 ನಿಮಿಷ


ಮಾನ್ಯ ತರಬೇತಿ ಮುಖ್ಯಸ್ಥರಿಗೆ,

ನೀವು ಈಗ ಅಧಿಕಾರದಲ್ಲಿರುವುದರಿಂದ ಏಕವಚನ ಸಲ್ಲದು. ಪತ್ರದ ಕೊನೆಯಲ್ಲಿ ಗಂಟೆಯನ್ನು ನಮೂದಿಸಲು ಕಲಿತಿರುವುದನ್ನು ಗಮನಿಸಿದೆ.

ನೀಲಕಂಠನ ವಿಷಯ ಕೇಳಿದ್ದೀರಿ. ಒಂದು ಸಾಲಿನಲ್ಲಿ ಮುಗಿಯುವಂಥದ್ದಲ್ಲ.

ಅವನು ಸುಧಾರಿಸಿದ್ದಾನೆ. ಮಾರ್ಚ್ ತಿಂಗಳಲ್ಲೇ ಮಾಗಡಿಯ ಬಡಗಿಯಿಂದ ಹೊಸ ರೂಲುದೊಣ್ಣೆ ಮಾಡಿಸಿಕೊಂಡ. ಹಳೆಯದು ಹೊನ್ನೆಯದು, ಇದು ಜಾಲಿಯದು, ತೂಕ ಹೆಚ್ಚು. ಈ ಜೂನಿನಿಂದ ಅವನ ತರಗತಿಯಲ್ಲಿ ಮತ್ತೆ ಪಿಸುಮಾತಿಲ್ಲ. ಎರಡು ಬಾರಿ ತಟ್ಟುತ್ತಾನೆ. ಮನೆಯಲ್ಲಿಯೂ ನಡತೆ ಮೊದಲಿನಂತಾಗಿದೆ. ನಾನು ಉಂಡು ಎದ್ದ ಮೇಲೆಯೇ ಅವನ ಊಟ. ಸಾರು ಸಪ್ಪೆಯಿದ್ದರೂ ಮಾತಾಡುವುದಿಲ್ಲ. ನಿಮ್ಮ ಇಲಿಗಳ ವಿಷಯದಲ್ಲಿ ನೀವು ಬರೆದದ್ದು ಸರಿಯಾಗಿಯೇ ಇತ್ತು. ಒಂದೇ ಆಘಾತ ಸಾಕಾಯಿತು.

ಅವನೊಡನೆ ಸರಿಮಾಡಿಕೊಳ್ಳುವುದೇನೂ ಉಳಿದಿಲ್ಲ. ನಿಮ್ಮ ಹೆಸರು ಬಂದಾಗ ಅವನು ಹೇಳಿದ್ದು ಇಷ್ಟು: “ಭಾನು ತಿದ್ದಿ ಬರ್ದಿರೋದೇ ಸರಿ ಅಪ್ಪಾಜಿ. ನಾನೇ ಬಿದ್ದಿದ್ದು.”

ಈ ಪತ್ರ ಬರೆಯಲು ಬೇರೊಂದು ಕಾರಣವಿದೆ. ಅವನ ತರಗತಿಯ ನವ್ಯಶ್ರೀ ಎಂಬ ಹತ್ತು ವರ್ಷದ ಹುಡುಗಿಗೆ ಕಳೆದ ಮಂಗಳವಾರ ಎಡಗೈಯ ಉಂಗುರದ ಬೆರಳು ಮುರಿಯಿತು. ಟ್ರಸ್ಟಿನ ನಿಯಮದಂತೆ ಶಿಕ್ಷಕನು ಘಟನೆಯ ವರದಿ ಕೊಡಬೇಕು. ಅದೇ ಸಂಜೆ ನೀಲಕಂಠ ಬಿಳಿ ಹಾಳೆ ಹಿಡಿದು ನನ್ನ ಮುಂದೆ ನಿಂತ. ಕೂರು ಎಂದರೂ ಕೂರಲಿಲ್ಲ. “ಮರ ಅಂತ ಬರೀಲಾ ಅಪ್ಪಾಜಿ, ಮೆಟ್ಲು ಅಂತ ಬರೀಲಾ?” ಎಂದು ಕೇಳಿದ. ಅವನ ಶಾಲೆಯ ಅಂಗಳದಲ್ಲಿ ಮರವಿಲ್ಲವೆಂದು ನೆನಪಿಸಿದೆ. ಗಿರಿಜಾಂಬ ಒಳಗಿನಿಂದ, “ಮಾತ್ ಆಡ್ಬ್ಯಾಡಿ, ಇಬ್ರೂ ಮಾತೇ ಆಡ್ಬ್ಯಾಡಿ” ಎಂದು ಕೂಗಿ ಬಾಗಿಲು ಹಾಕಿಕೊಂಡಳು. ಅಂದಿನಿಂದ ಅಡುಗೆ ಮಾಡುತ್ತಾಳೆ, ಬಡಿಸುವುದಿಲ್ಲ.

ವರದಿಯನ್ನು ನಾನು ಓದಿ ನೋಡಿದ್ದೇನೆ. ವಾಕ್ಯಗಳು ನಿರ್ದುಷ್ಟವಾಗಿವೆ. ಒಂದೇ ತಪ್ಪಿತ್ತು. ‘ನಾಲ್ಕನೆಯ ಮೆಟ್ಟಿಲಿನಿಂದ’ ಎಂದು ಬರೆದಿದ್ದ. ಆ ಶಾಲೆಯ ಜಗಲಿಗೆ ಇರುವುದು ಮೂರೇ ಮೆಟ್ಟಿಲು. ತಿದ್ದಿಸಿದ್ದೇನೆ.

ಹುಡುಗಿಯ ತಾಯಿ ಮಾತ್ರ ಶಾಲೆಗೆ ಬಂದು ಗಲಾಟೆ ಮಾಡಿದಳಂತೆ. “ನನ್ ಮಗ್ಳು ಮೆಟ್ಲಿಂದ ಬಿದ್ದಿದ್ರೆ ಮಂಡಿ ತರೀಬೇಕಿತ್ತು, ಬೆರಳ್ಯಾಕೆ ಮುರೀತು?” ಎಂಬುದು ಅವಳ ವಾದ. ಆದ್ದರಿಂದ ವಿಷಯವನ್ನು ತೀರ್ಮಾನಿಸಲು ತರಬೇತಿ ಮುಖ್ಯಸ್ಥರ ಅನುಮೋದನೆ ಬೇಕಾಗಿದೆಯೆಂದು ತಾಜ್ ಪಾಷಾ ಹೇಳುತ್ತಾರೆ. ನೀವು ಒಪ್ಪದಿದ್ದರೆ ವಿಚಾರಣೆ ನಡೆಯುತ್ತದೆ. ವಿಚಾರಣೆ ನಡೆದರೆ ನೀಲಕಂಠನ ಕೈಯನ್ನೂ ನೋಡುತ್ತಾರೆ, ಅದು ಹೇಗಾಯಿತೆಂದು ಕೇಳುತ್ತಾರೆ, ಮಾರ್ಚ್ ಸಂಚಿಕೆಯ ಐವತ್ತೆಂಟನೆಯ ಪುಟವನ್ನು ತೆರೆಯುತ್ತಾರೆ, ನವೆಂಬರಿನದನ್ನೂ ತೆರೆಯುತ್ತಾರೆ. ಅಂಗಳದಲ್ಲಿದ್ದ ಸೀಬೆಯ ಎತ್ತರವನ್ನು ಬಲ್ಲವರು ಆ ತರಗತಿಯಲ್ಲಿ ನೀವೊಬ್ಬರೇ ಅಲ್ಲ.

ವರದಿಯನ್ನು ಈ ಪತ್ರದೊಂದಿಗೆ ಇಟ್ಟಿದ್ದೇನೆ. ಮೂಲ ಪ್ರತಿ, ಆದ್ದರಿಂದ ಮಡಿಸಬೇಡಿ. ಎರಡನೆಯ ಪುಟದ ಕೆಳಗೆ, ನೀಲಕಂಠನ ಸಹಿಯ ಬಲಕ್ಕೆ, ನಿಮ್ಮ ಸಹಿಗೆ ಸ್ಥಳ ಬಿಟ್ಟಿದೆ.

ವೃಷಭೇಂದ್ರಪ್ಪ
18–7–2024, ಬೆಳಿಗ್ಗೆ 9 ಗಂಟೆ 10 ನಿಮಿಷ